ಮಗುವಿನ ಹುಟ್ಟುಹಬ್ಬ ಮತ್ತು ತಂದೆಯ ವಾರದ ರಜೆ

(ಡೊಂಬಿವಲಿಯಲ್ಲಿ ಸಂಘದ ಸದಸ್ಯರೊಬ್ಬರ ಮನೆಯಲ್ಲಿ, ಅವರ ಮಗನ ಮೊದಲ ಹುಟ್ಟುಹಬ್ಬದಂದು ಸಂಘದ ಕಾರ್ಯಕರ್ತರೊಬ್ಬರು ಆಡಿದ ಮಾತುಗಳು.)



ಈ ಸಣ್ಣ ಖೋಲಿಯಲ್ಲಿ ನಾವು ಇಪ್ಪತ್ತು ಜನ ಕುಳಿತಿದ್ದೇವೆ. ಜಾಗ ಸಾಲದೆ ಮಕ್ಕಳು ಚಾಳಿನ ಪಡಸಾಲೆಯಲ್ಲಿ ಆಡುತ್ತಿದ್ದಾರೆ. ಮಗುವಿಗೆ ಆರತಿಯಾಯಿತು, ಅಜ್ಜಿ ಅಕ್ಷತೆ ಹಾಕಿ ಹರಸಿದರು. ಊಟಕ್ಕೆ ಮೊದಲು ನಾಲ್ಕು ಮಾತು ಆಡಬೇಕೆಂದು ಮನೆಯ ಯಜಮಾನರ ಅಪ್ಪಣೆ. ಪಾಯಸ ಆರುವುದರೊಳಗೆ ಮುಗಿಸುತ್ತೇನೆ.

ಮಗುವಿಗೆ ವರ್ಷ ತುಂಬಿದ್ದು ಮೊನ್ನೆ ಭಾನುವಾರ. ಇಂದು ಮಂಗಳವಾರ. ಒಳಗೆ ಬರುವಾಗ ಒಬ್ಬರು ನನ್ನನ್ನು ಕೇಳಿದರು: "ಅಣ್ಣಾ, ತಾರೀಕು ದಾಟಿದ ಮೇಲೆ ಎಂಥ ಹುಟ್ಟುಹಬ್ಬ?" ನನ್ನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ.

ಭಾನುವಾರ ಊರಿಗೆಲ್ಲ ರಜೆ. ಹೋಟೆಲಿನವನಿಗೆ ಅದೇ ಹೆಚ್ಚು ದುಡಿತದ ದಿನ. ಈ ಮಗುವಿನ ತಂದೆಗೆ ವಾರದ ರಜೆ ಮಂಗಳವಾರ. ಹಾಗಾಗಿ ಹಬ್ಬವನ್ನು ಎರಡು ದಿನ ಮುಂದಕ್ಕೆ ಹಾಕಿದರು. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತೇನೆ. ಒಂದು ವರ್ಷದ ಮಗುವಿಗೆ ಕ್ಯಾಲೆಂಡರು ತಿಳಿಯದು. ತನ್ನನ್ನು ಎತ್ತಿಕೊಂಡವರು ಯಾರು ಎಂಬುದು ಮಾತ್ರ ತಿಳಿಯುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ನಾನು ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಬಂದವನು. ಗ್ಲಾಸು ತೊಳೆದೆ, ಮೇಜು ಒರೆಸಿದೆ, ಅನಂತರ ಸಪ್ಲೈಯರ್ ಆದೆ. ನನ್ನ ಹಿರಿಯ ಮಗಳಿಗೆ ವರ್ಷ ತುಂಬಿದಾಗ ಹೆಂಡತಿ ಊರಿನಲ್ಲಿದ್ದಳು. ರಜೆ ಕೇಳಿದೆ, ಸಿಗಲಿಲ್ಲ. ಎರಡು ಸಾವಿರ ರೂಪಾಯಿ ಕಳಿಸಿ, ಹೋಟೆಲಿನ ಹಿಂಬದಿಯ ಮೋರಿಯ ಹತ್ತಿರ ನಿಂತು ಫೋನಿನಲ್ಲಿ ಮಗುವಿನ ಮುಖ ನೋಡಿದೆ. ಆರು ತಿಂಗಳ ಮೇಲೆ ಊರಿಗೆ ಹೋದಾಗ ಮಗು ನನ್ನನ್ನು ನೋಡಿ ತಾಯಿಯ ಸೆರಗಿನ ಹಿಂದೆ ಅಡಗಿತು. "ಅಪ್ಪ ಎಲ್ಲಿ?" ಎಂದು ತಾಯಿ ಕೇಳಿದರೆ ಗೂಡಿನಲ್ಲಿದ್ದ ಫೋನಿನ ಕಡೆಗೆ ಕೈ ತೋರಿಸಿತು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಬಂಧುಗಳೇ, ವಾರದ ರಜೆ ಮಾಲಕರ ಕೃಪೆಯಿಂದ ಬಂದದ್ದಲ್ಲ. ಅದಕ್ಕಾಗಿ ದುಡಿದವರು ನಮ್ಮ ಈ ನೆಲದವರೇ. ನಾರಾಯಣ ಮೇಘಾಜಿ ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಹುಟ್ಟಿದರು. 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರ ಸಂಘ ಕಟ್ಟಿದರು. ಆಗ ಗಿರಣಿಯವರಿಗೆ ವಾರದ ರಜೆ ಎಂಬುದೇ ಇರಲಿಲ್ಲ. ಸಭೆ ಮಾಡಿದರು, ಸಾವಿರಾರು ಜನರ ಸಹಿ ಪಡೆದು ಅರ್ಜಿ ಕೊಟ್ಟರು. 1890ರ ಜೂನ್ 10ರಂದು ಮಾಲಕರು ಭಾನುವಾರದ ರಜೆಗೆ ಒಪ್ಪಿದರು. ಇಂದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಅನ್ವಯಿಸುವ ಹೋಟೆಲಿನಲ್ಲಿ ವಾರಕ್ಕೊಮ್ಮೆ ಸತತ 24 ಗಂಟೆಯ ಬಿಡುವು ಕೆಲಸಗಾರನ ಹಕ್ಕು. ಅದು ಭಾನುವಾರವೇ ಆಗಬೇಕೆಂದಿಲ್ಲ, ಆದರೆ ಇರಲೇಬೇಕು. ಆ ದಿನವೂ ದುಡಿಸಿಕೊಂಡರೆ ಎರಡು ತಿಂಗಳೊಳಗೆ ಬದಲಿ ರಜೆ ಕೊಡಬೇಕು. ಗಿರಣಿಯ ಹಿರಿಯರು ಗಳಿಸಿಕೊಟ್ಟದ್ದನ್ನು ಹೋಟೆಲಿನವರಾದ ನಾವು ಕೇಳಿ ಪಡೆಯದಿದ್ದರೆ ತಪ್ಪು ಯಾರದು?

ಇನ್ನು ಖರ್ಚಿನ ಮಾತು. ನನಗೆ ಗೊತ್ತಿರುವ ಕಲ್ಯಾಣದ ಗೆಳೆಯರೊಬ್ಬರು ಮಗಳ ಮೊದಲ ಹುಟ್ಟುಹಬ್ಬಕ್ಕೆ ಹಾಲ್ ಹಿಡಿದರು, ಬೀದಿಯ ತಿರುವಿನಲ್ಲಿ ಬ್ಯಾನರು ಕಟ್ಟಿಸಿದರು, ಮೂರು ಅಂತಸ್ತಿನ ಕೇಕು ತರಿಸಿದರು. ಅದಕ್ಕಾಗಿ ಮಾಲಕರಿಂದ ಮೂವತ್ತು ಸಾವಿರ ಮುಂಗಡ ಪಡೆದರು. ಗದ್ದಲಕ್ಕೆ ಹೆದರಿದ ಮಗು ಅಳುತ್ತಲೇ ಇತ್ತು. ಅಂದಿನಿಂದ ಒಂದು ವರ್ಷ ಆ ಗೆಳೆಯರು ರಜೆಯ ಹೆಸರೆತ್ತಿದರೆ ಗಲ್ಲೆಯ ಮೇಲಿಂದ ಒಂದೇ ಉತ್ತರ: "ಮೊದಲು ಮುಂಗಡ ತೀರಿಸು." ಮಗಳಿಗಾಗಿ ಮಾಡಿದ ಸಾಲ ಮಗಳ ತಂದೆಯನ್ನೇ ಮನೆಯಿಂದ ದೂರ ಇಟ್ಟಿತು. ಕೇಕು ತರಬಾರದೆಂದು ನಾನು ಹೇಳುವುದಿಲ್ಲ. ಮಕ್ಕಳಿಗೆ ಇಷ್ಟವಾದರೆ ತನ್ನಿ. ಆದರೆ ಪಗಾರದಲ್ಲಿ ಆಗುವಷ್ಟೇ ತನ್ನಿ.

ಮನೆಯಲ್ಲಿ ಮಾಡಿದರೂ ಒಂದು ಮಾತು ನೆನಪಿಡಿ. ಹೆಂಗಸರನ್ನು ಒಲೆಯ ಮುಂದೆ ಕೂರಿಸಿ ನಾವು ಹೊರಗೆ ಹರಟುವುದು ನ್ಯಾಯವಲ್ಲ. ಇನ್ನೂರು ಜನರಿಗೆ ಪೂರಿ ಕರಿಯುವ ಕೈ ನಮ್ಮದು; ಇಪ್ಪತ್ತು ಜನರಿಗೆ ಮಾಡಲು ಏನು ನಾಚಿಕೆ? ಇಂದಿನ ಪಾಯಸ ಕಾಯಿಸಿದವರು ಮಗುವಿನ ತಂದೆಯೇ. ಇದೇ ಮೊದಲ ಸಲ ಅವರು ತಮ್ಮ ಮಗನಿಗಾಗಿ ಅಡಿಗೆ ಮಾಡಿದ್ದಂತೆ.

ಕೊನೆಯದಾಗಿ, ಈ ದಿನ ಪ್ರತಿ ಮನೆಯೂ ಮಾಡಬೇಕಾದ ಒಂದು ಕೆಲಸವಿದೆ. ನಾನು ಹುಟ್ಟಿದ ತಾರೀಕು ನನಗೆ ಗೊತ್ತಿಲ್ಲ. "ದೊಡ್ಡ ಮಳೆಗೆ ತೋಟದ ಸಂಕ ಕೊಚ್ಚಿಹೋದ ವಾರ" ಎಂದು ಅಮ್ಮ ಹೇಳುತ್ತಿದ್ದರು. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡರು. ನನ್ನಂಥ ಜೂನ್ ಒಂದರವರು ಇಲ್ಲಿಯೂ ಕೆಲವರಿರಬಹುದು. ನಮ್ಮ ಮಕ್ಕಳಿಗೆ ಹಾಗಾಗಬಾರದು. 1969ರ ಕಾಯಿದೆಯಂತೆ ಜನನವನ್ನು 21 ದಿನದೊಳಗೆ ತಿಳಿಸಬೇಕು. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ನೋಂದಣಿ. ಇಲ್ಲಿ ಹುಟ್ಟಿದರೆ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯಲ್ಲಿ. ಹೆರಿಗೆಗೆಂದು ತವರಿಗೆ ಹೋಗಿದ್ದರೆ ಆ ಊರಿನಲ್ಲಿ. ಎಷ್ಟೋ ಮಕ್ಕಳ ಜನನ ಬರೆಸಿರುತ್ತಾರೆ, ಹೆಸರು ಬರೆಸಿರುವುದಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ; ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಬಹುದು. 2023ರ ಅಕ್ಟೋಬರ್ 1ರ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಮತದಾರರ ಪಟ್ಟಿ, ಸರಕಾರಿ ನೌಕರಿ, ಎಲ್ಲದಕ್ಕೂ ಹುಟ್ಟಿದ ತಾರೀಕಿಗೆ ಆಧಾರ ಈ ಪ್ರಮಾಣಪತ್ರವೇ. ಆದ್ದರಿಂದ ಮೊದಲ ಹುಟ್ಟುಹಬ್ಬ ಬರುವ ಮೊದಲೇ ಆ ಕಾಗದ ತೆಗೆದು ಮಗುವಿನ ಹೆಸರು, ತಂದೆತಾಯಿಯರ ಹೆಸರು, ಅಕ್ಷರ ಸರಿಯಾಗಿವೆಯೇ ಎಂದು ಓದಿ. ಓದಲು ಬಾರದವರು ಸಂಘಕ್ಕೆ ತನ್ನಿ, ನಾವು ಓದಿ ಹೇಳುತ್ತೇವೆ.

ಈ ಗೋಡೆಯ ಪಕ್ಕದಲ್ಲಿ ಹೋಟೆಲಿನಲ್ಲಿಯೇ ಮಲಗುವ ನಾಲ್ವರು ಹುಡುಗರು ಕುಳಿತಿದ್ದಾರೆ. ಮಧ್ಯಾಹ್ನದ ಎರಡು ಗಂಟೆಯ ಬಿಡುವಿನಲ್ಲಿ ಓಡಿ ಬಂದವರು. ಇವರಿಗೆ ಈ ಊರಿನಲ್ಲಿ ಮನೆಯಿಲ್ಲ. ನಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಇಂಥವರನ್ನು ಮೊದಲು ಕರೆಯಿರಿ. ಮಗುವನ್ನು ಅವರ ಕೈಗೂ ಕೊಡಿ.

ತಾರೀಕು ದಾಟಿತೆಂದು ಕೇಳಿದ ಗೆಳೆಯರೇ, ತಾರೀಕು ಪ್ರಮಾಣಪತ್ರದಲ್ಲಿ ಭದ್ರವಾಗಿದೆ. ತಂದೆ ಮನೆಯಲ್ಲಿದ್ದಾರೆ. ಮಗು ಅವರ ಹೆಗಲ ಮೇಲೆ ನಿದ್ದೆ ಹೋಗಿದೆ, ನೋಡಿ. ಹುಟ್ಟುಹಬ್ಬಕ್ಕೆ ಇನ್ನೇನು ಬೇಕು?

ಹುಡುಗರು ನಾಲ್ಕು ಗಂಟೆಗೆ ಮತ್ತೆ ಕೆಲಸಕ್ಕೆ ಹೋಗಬೇಕು. ಮೊದಲು ಅವರಿಗೆ ಬಡಿಸಿ.