ಮನೆಯಲ್ಲಿ ಕುಳಿತು ಕಲಿಯುವ ವಿದ್ಯಾರ್ಥಿಯ ಹೊಣೆ

(ಮಹೋತ್ಸವದ ವಿದ್ಯಾರ್ಥಿ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಈ ಮಂಗಲ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವದು. ವಿದ್ಯೆಯ ಮಹತ್ವವನ್ನು ಈ ಸಭೆಗೆ ನಾನು ಹೇಳಬೇಕಾದುದಿಲ್ಲ. ಊರೂರುಗಳಿಂದ ಬಂದ ಬಡಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು ಓದಿಸಿದ ಪರಂಪರೆ ನಮ್ಮ ನಾಡಿನ ಮಠಗಳದು. ಆದರೆ ಇಂದು ವಿದ್ಯೆಯು ಬರುವ ದಾರಿಗಳಲ್ಲಿ ಹೊಸದೊಂದು ಸೇರಿದೆ. ಹಿಂದೆ ವಿದ್ಯಾರ್ಥಿಯು ಗುರುವಿದ್ದಲ್ಲಿಗೆ ನಡೆದುಹೋಗುತ್ತಿದ್ದನು. ಈಗ ಗುರುವಿನ ಮಾತು ಮೊಬೈಲಿನೊಳಗಿಂದ ಅವನ ಅಂಗೈಗೇ ಬರುತ್ತಲಿದೆ. ಹೀಗೆ ಆನ್‌ಲೈನ್ ಮೂಲಕ ಕಾಲೇಜಿನ ಪಾಠವನ್ನು ಕಲಿಯುವವರಿಂದ ನಿರೀಕ್ಷಿಸತಕ್ಕದ್ದೇನು, ಅವರ ಹೊಣೆಯೇನು ಎಂಬ ವಿಷಯವನ್ನೇ ಇಂದು ಆರಿಸಿಕೊಂಡಿದ್ದೇನೆ.

ದೂರದಿಂದ ಕಲಿಯುವದು ತೀರ ಹೊಸ ಮಾತಲ್ಲ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿಯೇ ಹೊರಗಿನ ವಿದ್ಯಾರ್ಥಿಗಳಿಗೆ ಪದವಿಯ ಬಾಗಿಲನ್ನು ತೆರೆಯಿತು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು 1962ರಲ್ಲಿ ಅಂಚೆಯ ಮೂಲಕ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. 1985ರಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ, 1996ರಲ್ಲಿ ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ನೌಕರಿಯಲ್ಲಿದ್ದವರೂ ಮನೆವಾರ್ತೆಯನ್ನು ಹೊತ್ತ ಹೆಣ್ಣುಮಕ್ಕಳೂ ಈ ಬಾಗಿಲುಗಳಿಂದ ಪದವೀಧರರಾಗಿದ್ದಾರೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಯಿಸುವ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯೂ, 2017ರಲ್ಲಿ ಭಾರತ ಸರಕಾರವು ಆರಂಭಿಸಿದ ‘ಸ್ವಯಂ’ ಎಂಬ ವ್ಯವಸ್ಥೆಯೂ ಈ ಕಾರ್ಯವನ್ನು ಮತ್ತಷ್ಟು ಹಬ್ಬಿಸಿದವು. 2020ರಲ್ಲಿ ಕೋವಿಡ್ ಬೇನೆಯಿಂದ ಕಾಲೇಜುಗಳು ಮುಚ್ಚಿದಾಗಲಂತೂ ಇಡಿಯ ನಾಡೇ ಈ ರೀತಿಯ ಕಲಿಕೆಯನ್ನು ಕಾಣಬೇಕಾಯಿತು.

ಇದನ್ನು ಬಿಡುವಿನ ವೇಳೆಯ ವಿನೋದವೆಂದು ಯಾರೂ ಎಣಿಸಬಾರದು. ಒಂದು ಅವಧಿಯ ಪಾಠಗಳಲ್ಲಿ ನೂರಕ್ಕೆ 20ರಷ್ಟನ್ನು ‘ಸ್ವಯಂ’ ಮೂಲಕ ಕಲಿಯಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2016ರಲ್ಲಿ ಒಪ್ಪಿತು. 2021ರಲ್ಲಿ ಆ ಮಿತಿಯನ್ನು 40ಕ್ಕೆ ಏರಿಸಿತು. ಆದುದರಿಂದ ಇದು ಪದವಿಯ ಅಂಗವೇ ಆಯಿತು. ಹಕ್ಕು ಹಿರಿದಾದಂತೆ ಹೊಣೆಯೂ ಹಿರಿದಾಗುವದು ಸಹಜವಷ್ಟೆ?

ಮೊದಲನೆಯ ಹೊಣೆ ಕಾಲದ ನಿಯಮವು. 12 ವಾರಗಳ ಎನ್.ಪಿ.ಟಿ.ಇ.ಎಲ್. ಪಾಠವೊಂದರಲ್ಲಿ ಸುಮಾರು 30 ತಾಸುಗಳ ಉಪನ್ಯಾಸವಿರುವದು. ವಾರಕ್ಕೆ ಎರಡೂವರೆ ತಾಸು, ಎಂದರೆ ದಿನಕ್ಕೆ ಅರ್ಧ ತಾಸಿನಂತೆ ಐದು ದಿನ. ಕೇಳಿದ್ದನ್ನು ಟಿಪ್ಪಣಿ ಮಾಡಿಕೊಂಡು ಮನನ ಮಾಡುವದಕ್ಕೆ ಅಷ್ಟೇ ಕಾಲವನ್ನಾದರೂ ಕೊಡಬೇಕು. ಇಷ್ಟನ್ನು ದಿನದಿನವೂ ಮಾಡುವವನಿಗೆ ಭಾರವೆನಿಸದು. ಆದರೆ ಕಾಲೇಜಿನಲ್ಲಿ ಗಂಟೆ ಬಾರಿಸುವವರಿದ್ದಾರೆ, ಹಾಜರಿ ಕೂಗುವವರಿದ್ದಾರೆ. ಇಲ್ಲಿ ಅವರಾರೂ ಇಲ್ಲ. ‘ನಾಳೆ ನೋಡಿದರಾಯಿತು’ ಎಂದು ತಡೆದವನ ಎದುರಿಗೆ ಹನ್ನೆರಡನೆಯ ವಾರದಲ್ಲಿ 30 ತಾಸುಗಳೂ ಒಟ್ಟಿಗೆ ಬಂದು ನಿಲ್ಲುವವು. ಉತ್ಸಾಹದಿಂದ ಹೆಸರು ಹಚ್ಚಿ ನಡುವೆಯೇ ಬಿಟ್ಟುಬಿಡುವವರು ಈ ಕಲಿಕೆಯಲ್ಲಿ ಬಹಳ ಮಂದಿ. ಅವರಲ್ಲಿ ಬುದ್ಧಿ ಕಡಿಮೆಯೆಂದಲ್ಲ. ದಿನಕ್ಕೊಂದು ಗೊತ್ತಾದ ವೇಳೆಯು ಇಲ್ಲದಿರುವದೇ ಬಹುಮಟ್ಟಿಗೆ ಅದಕ್ಕೆ ಕಾರಣ.

ಎರಡನೆಯದು, ವಾರವಾರದ ಅಭ್ಯಾಸಪತ್ರ. ಈ ಪಾಠಗಳಲ್ಲಿ ಸಾಮಾನ್ಯವಾಗಿ 100 ಅಂಕಗಳಲ್ಲಿ 25 ಅಭ್ಯಾಸಪತ್ರಗಳಿಗೂ 75 ಕೊನೆಯ ಪರೀಕ್ಷೆಗೂ ಮೀಸಲು. ಪ್ರಮಾಣಪತ್ರವು ದೊರೆಯಬೇಕಾದರೆ 25ರಲ್ಲಿ 10ನ್ನೂ, 75ರಲ್ಲಿ 30ನ್ನೂ ಬೇರೆಬೇರೆಯಾಗಿಯೇ ಗಳಿಸಬೇಕು. ಕುಶಾಗ್ರಮತಿಯೊಬ್ಬನು ಪರೀಕ್ಷೆಯಲ್ಲಿ 75ಕ್ಕೆ 75ನ್ನು ಪಡೆದರೂ ಅಭ್ಯಾಸದಲ್ಲಿ 9ನ್ನೇ ಪಡೆದಿದ್ದರೆ, ಮೊತ್ತವು 84 ಆಗಿಯೂ ಪ್ರಮಾಣಪತ್ರವು ಅವನಿಗಿಲ್ಲ. ಈ ನಿಯಮದಲ್ಲಿ ಕಾಠಿಣ್ಯದಂತೆ ಕರುಣೆಯೂ ಇದೆ. 12 ಅಭ್ಯಾಸಪತ್ರಗಳಲ್ಲಿ ಉತ್ತಮವಾದ 8ನ್ನೇ ಲೆಕ್ಕಕ್ಕೆ ಹಿಡಿಯುವರು. ಸುಗ್ಗಿಯ ಕೆಲಸವೋ, ಜ್ವರವೋ, ಮನೆಯ ಕಾರ್ಯವೋ ಬಂದು ನಾಲ್ಕು ವಾರ ತಪ್ಪಿದರೂ ವಿದ್ಯಾರ್ಥಿಯು ಕೆಡನು. ಆದರೆ ಆ ರಿಯಾಯಿತಿಯನ್ನು ಮೊದಲ ನಾಲ್ಕು ವಾರಗಳ ಆಲಸ್ಯಕ್ಕೇ ವೆಚ್ಚಮಾಡಿದವನು, ನಿಜವಾದ ಆಪತ್ತು ಬಂದಾಗ ಬರಿಗೈಯಾಗುವನು.

ಮೂರನೆಯದು ಎಲ್ಲಕ್ಕೂ ಮಿಗಿಲಾದ ಪ್ರಾಮಾಣಿಕತೆ. ಮನೆಯಲ್ಲಿ ಅಭ್ಯಾಸಪತ್ರವನ್ನು ತುಂಬುವಾಗ ಕಾಯುವವರಿಲ್ಲ. ಗೆಳೆಯನ ಉತ್ತರವನ್ನು ಇಳಿಸಿಕೊಳ್ಳಬಹುದು. ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳೂ ಈಗ ಕೈಗೆಟಕುವಂತಿವೆ. ಅವುಗಳಿಂದ ತಿಳಿಯದ ಪದದ ಅರ್ಥವನ್ನು ಕೇಳಿಕೊಳ್ಳುವದು ಒಂದು; ತನ್ನ ಉತ್ತರವನ್ನೇ ಬರೆಯಿಸಿಕೊಂಡು ತನ್ನ ಹೆಸರಿನಿಂದ ಒಪ್ಪಿಸುವದು ಇನ್ನೊಂದು. ಮೊದಲನೆಯದು ಕಲಿಕೆ, ಎರಡನೆಯದು ಕಳವು. ಕೊನೆಯ ಪರೀಕ್ಷೆಯನ್ನು ಗೊತ್ತಾದ ಕೇಂದ್ರದಲ್ಲಿ ಮೇಲ್ವಿಚಾರಕರ ಎದುರಿಗೇ ಬರೆಯಬೇಕಾಗುವದು; ಎರವಲು ತಂದ ಉತ್ತರವು ಅಲ್ಲಿ ಜೊತೆಗೆ ಬರಲಾರದು. ಅಲ್ಲಿ ಹೇಗೋ ಪಾರಾದವನಿಗೂ ಮುಂದೆ ರೋಗಿಯ ಎದುರಿಗೆ, ಸೇತುವೆಯ ಲೆಕ್ಕದ ಎದುರಿಗೆ, ಶಾಲೆಯ ಮಕ್ಕಳ ಎದುರಿಗೆ ನಿಲ್ಲುವ ಪ್ರಸಂಗವು ಬಂದೇ ಬರುವದು. ಅವನ ಅಜ್ಞಾನದ ದಂಡವನ್ನು ಆಗ ತೆರುವವರು ಅನ್ಯರು.

ನಾಲ್ಕನೆಯದು, ಕೇಳುವ ಧೈರ್ಯ. ತರಗತಿಯಲ್ಲಿ ವಿದ್ಯಾರ್ಥಿಯ ಮುಖವನ್ನು ನೋಡಿಯೇ ಗುರುವು ಅವನ ಸಂಶಯವನ್ನರಿಯುವನು. ಮೊದಲೇ ಮುದ್ರಿಸಿಟ್ಟ ಉಪನ್ಯಾಸಕ್ಕೆ ಆ ಕಣ್ಣಿಲ್ಲ. ತಿಳಿಯದ್ದನ್ನು ಸ್ಪಷ್ಟವಾಗಿ, ವಿನಯದಿಂದ ಬರೆದು ಕೇಳುವದು ವಿದ್ಯಾರ್ಥಿಯ ಕರ್ತವ್ಯವಾಗಿದೆ. ನಮ್ಮ ಹಳ್ಳಿಯ ಮಕ್ಕಳು ಇಂಗ್ಲಿಷಿನ ಅಂಜಿಕೆಯಿಂದ ಸುಮ್ಮನಾಗುವರು. ಕೆಲವು ಪಾಠಗಳ ಅನುವಾದಗಳು ಕನ್ನಡದಲ್ಲಿಯೂ ದೊರೆಯುತ್ತಿವೆ, ಅವುಗಳನ್ನು ಉಪಯೋಗಿಸಿಕೊಳ್ಳಿರಿ. ತಪ್ಪು ಇಂಗ್ಲಿಷಿನಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಯು ಮೌನಕ್ಕಿಂತ ಸಾವಿರ ಪಾಲು ಮೇಲು.

ಇನ್ನು ಹಿರಿಯರಲ್ಲಿ ಒಂದು ವಿಜ್ಞಾಪನೆ. ಹೊಣೆಯೆಲ್ಲವೂ ಮಕ್ಕಳದೇ ಎಂದು ನಾವು ಕೈ ತೊಳೆದುಕೊಳ್ಳಲಾಗದು. ಒಂದೇ ಮೊಬೈಲು ಇರುವ ಮನೆಯಲ್ಲಿ ಅದು ಮೊದಲು ಮಗನ ಕೈಗೆ ಹೋಗುವದು, ಮಗಳಿಗೆ ಅಡಿಗೆ ಮುಗಿದ ಮೇಲೆ ಉಳಿದ ಹೊತ್ತು. ಕಾಲೇಜಿಗೆ ಹೋದ ಮಗಳನ್ನು ತರಗತಿಯಿಂದ ಎಬ್ಬಿಸಿ ತರುವಿರಾ? ಮನೆಯಲ್ಲಿ ಪಾಠ ಕೇಳುತ್ತ ಕುಳಿತವಳನ್ನೂ ಹಾಗೆಯೇ ಎಬ್ಬಿಸಬೇಡಿರಿ. ಸಂಪರ್ಕವು ಸಿಕ್ಕದ ಊರುಗಳಲ್ಲಿ ಗ್ರಂಥಾಲಯವೋ ಪ್ರಸಾದನಿಲಯವೋ ಸಂಜೆ ಎರಡು ತಾಸು ಒಂದು ಕೋಣೆಯನ್ನೂ, ಒಂದೆರಡು ಗಣಕಯಂತ್ರಗಳನ್ನೂ ತೆರೆದಿಟ್ಟರೆ ಅದೂ ಒಂದು ದಾಸೋಹವೇ ಸರಿ. ಅಲ್ಲಿ ನಾಲ್ವರು ಕೂಡಿ ಕೇಳಿದರೆ ನಡುವೆ ಬಿಡುವವರೂ ಕಡಿಮೆಯಾಗುವರು.

ವಿದ್ಯಾರ್ಥಿಮಿತ್ರರೇ, ನಿಮ್ಮ ಅಜ್ಜಂದಿರಿಗೆ ದೊರೆಯದಿದ್ದ ಗುರುಗಳ ವಾಣಿಯು ಇಂದು ಕೊಡಗೂಸಿನಿಂದ ಮುದುಕರವರೆಗೆ ಕೇಳಬಯಸಿದವರಿಗೆಲ್ಲ ದೊರೆಯುತ್ತಿದೆ. ಅದಕ್ಕೆ ನೀವು ಕೊಡಬೇಕಾದ ಬೆಲೆ ದಿನಕ್ಕೊಂದು ತಾಸಿನ ನಿಷ್ಠೆ, ಸ್ವಂತ ಕೈಯ ಬರಹ, ಸಂಕೋಚವಿಲ್ಲದ ಪ್ರಶ್ನೆ. ಇಷ್ಟನ್ನು ಇಂದಿನಿಂದಲೇ ನಡೆಯಿಸುವಿರೆಂದು ಹಾರೈಸುತ್ತೇನೆ.