ಗುರಿ ಸಿಗುತ್ತೆ, ದಾರಿಯೇ ಸಿಗಲ್ಲ

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು ಅನ್ನೋದನ್ನ ನಾಳೆ ಮಾತಾಡೋಣ. ಅವರು ನಾಳೆನೂ ಹಾರ್ತಾನೇ ಇರ್ತಾರೆ, ಎಲ್ಲೂ ಹೋಗಲ್ಲ. ಇವತ್ತು ಹಾರುವ ಇನ್ನೊಂದು ವಸ್ತುವಿನ ಬಗ್ಗೆ ಹೇಳ್ತೀನಿ. ಅದರ ಹೆಸರು ಕ್ಲೇ ಪಿಜನ್. ಅಂದರೆ ಮಣ್ಣಿನ ಪಾರಿವಾಳ.

ಹೆಸರು ಕೇಳಿ ಹಕ್ಕಿ ಅಂದ್ಕೋಬೇಡಿ. ಅದೊಂದು ಪುಟ್ಟ ತಟ್ಟೆ. 11 ಸೆಂಟಿಮೀಟರ್ ಅಗಲ, 100 ಗ್ರಾಂ ಚಿಲ್ಲರೆ ತೂಕ. ಹಿಂದೆ ಯುರೋಪಿನ ಶ್ರೀಮಂತರು ಜೀವಂತ ಪಾರಿವಾಳಗಳನ್ನ ಪೆಟ್ಟಿಗೆಯಿಂದ ಹಾರಿಬಿಟ್ಟು ಗುಂಡು ಹೊಡೀತಿದ್ರು. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲೂ ಅಂಥ ಸ್ಪರ್ಧೆ ನಡೆದಿತ್ತು. 1880ರಲ್ಲಿ ಅಮೆರಿಕದ ಜಾರ್ಜ್ ಲಿಗೋವ್‌ಸ್ಕಿ ಅನ್ನೋರು ಮಣ್ಣಿನ ತಟ್ಟೆ ತಂದರು. ಈಗ ಅದರಲ್ಲಿ ಮಣ್ಣೂ ಇಲ್ಲ. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಮಾಡ್ತಾರೆ. ಪಾರಿವಾಳ ಬದುಕಿಕೊಂಡಿತು, ಹೆಸರು ಮಾತ್ರ ಉಳ್ಕೊಂಡಿತು.

ಕೊಡಗಿನವರಿಗೆ ಗುರಿಯ ಆಟ ಹೇಳಿಕೊಡಬೇಕಾಗಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಕೋವಿ ಹಿಡಿಯೋದು ಅವರ ಸಂಪ್ರದಾಯ. ಆದರೆ ತೆಂಗಿನಕಾಯಿ ಕೂತಲ್ಲೇ ಕೂತಿರುತ್ತೆ. ಈ ತಟ್ಟೆ ಹಾಗಲ್ಲ. ಯಂತ್ರದಿಂದ ಚಿಮ್ಮಿ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಹಾರುತ್ತೆ. ಎಡಕ್ಕೋ ಬಲಕ್ಕೋ ಮೊದಲೇ ಗೊತ್ತಾಗಲ್ಲ. ಒಂದು ಕಣ್ಣುರೆಪ್ಪೆ ಬಡಿಯೋದರೊಳಗೆ ಹೊಡೀಬೇಕು. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರಲ್ಲ, ಅದು ಇದೇ ತಟ್ಟೆ ಹೊಡೆಯೋ ಆಟ. ಡಬಲ್ ಟ್ರ್ಯಾಪ್ ಅಂತಿದ್ರು.

ಈಗ ನನ್ನ ಪ್ರಶ್ನೆ ಕೇಳಿ. ಕಾಲಿಲ್ಲದವರು ಈ ಆಟ ಆಡಬಹುದಾ? ವ್ಹೀಲ್‌ಚೇರ್‌ನಲ್ಲಿ ಕೂತವರು ಆಡಬಹುದಾ? ಒಂದೇ ಕೈ ಇರೋರು?

ಧಾರಾಳವಾಗಿ ಆಡಬಹುದು. ಆಡ್ತಾನೂ ಇದಾರೆ. ಇದು ಓಡೋ ಆಟ ಅಲ್ಲ, ಎತ್ತರ ಜಿಗಿಯೋ ಆಟ ಅಲ್ಲ. ಕಣ್ಣು, ಕೈ, ಮನಸ್ಸು ಒಂದೇ ಕ್ಷಣಕ್ಕೆ ಕೂಡಿ ಬರಬೇಕಾದ ಆಟ. ಗುರಿ ಹಿಡಿಯೋ ವಿಷಯದಲ್ಲಿ ದೇಹ ಅಡ್ಡಿ ಅಲ್ಲ ಅನ್ನೋದನ್ನ ಹಂಗೇರಿಯ ಕರೋಲಿ ಟಾಕಾಚ್ ಯಾವತ್ತೋ ತೋರಿಸಿಕೊಟ್ಟರು. 1938ರಲ್ಲಿ ಈ ಸೈನಿಕನ ಬಲಗೈಯಲ್ಲೇ ಗ್ರೆನೇಡ್ ಸಿಡೀತು. ಪಿಸ್ತೂಲು ಹಿಡಿಯೋ ಕೈ ಅದು. ಆತ ಎಡಗೈಯಲ್ಲಿ ಅಭ್ಯಾಸ ಮಾಡಿ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ, ಎರಡೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ನೆನಪಿರಲಿ, ಪ್ಯಾರಾಲಿಂಪಿಕ್ಸ್ ಅಲ್ಲ, ಒಲಿಂಪಿಕ್ಸ್.

ನಮ್ಮವರೇನು ಕಡಿಮೆ ಇಲ್ಲ. 11ನೇ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಜೈಪುರದ ಅವನಿ ಲೇಖರಾ ಟೋಕಿಯೊದಲ್ಲಿ ಚಿನ್ನ ತಂದರು, 2024ರಲ್ಲಿ ಪ್ಯಾರಿಸ್‌ನಲ್ಲೂ ಚಿನ್ನ ತಂದರು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಶೂಟಿಂಗ್‌ನಲ್ಲೇ ಭಾರತಕ್ಕೆ ನಾಲ್ಕು ಪದಕ. ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಕೂಡ ಅಲ್ಲಿ ರೈಫಲ್ ಹಿಡಿದು ಸ್ಪರ್ಧಿಸಿದರು. ಇವರನ್ನೆಲ್ಲ ನೋಡಿ ಹೆಮ್ಮೆ ಪಟ್ಟಿದೀವಿ, ಸರಿ.

ಆದರೆ ಇಲ್ಲೊಂದು ವ್ಯತ್ಯಾಸ ಗಮನಿಸಿ. ಇವರೆಲ್ಲ ಆಡಿದ್ದು ರೈಫಲ್, ಪಿಸ್ತೂಲು. ಅಲ್ಲಿ ಗುರಿ ಕದಲೋದಿಲ್ಲ, ಸ್ಪರ್ಧಿಯೂ ಪಂದ್ಯ ಮುಗಿಯೋವರೆಗೆ ಒಂದೇ ಜಾಗದಲ್ಲಿ ಇರ್ತಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಶೂಟಿಂಗ್ 1976ರ ಟೊರಾಂಟೊದಿಂದ ಇದೆ. ಆದರೆ ಪ್ಯಾರಿಸ್‌ವರೆಗೂ ಅಲ್ಲಿ ತಟ್ಟೆ ಹೊಡೆಯೋ ಪಂದ್ಯ ಬಂದಿರಲಿಲ್ಲ. ವಿಶ್ವ ಪ್ಯಾರಾ ಶೂಟಿಂಗ್ ಸಂಸ್ಥೆ ‘ಪ್ಯಾರಾ ಟ್ರ್ಯಾಪ್’ಗೆ ಬಾಗಿಲು ತೆಗೆದದ್ದೇ 2017ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ 2018ರಲ್ಲಿ ಇಟಲಿಯ ಲೊನಾಟೊದಲ್ಲಿ ನಡೀತು. ಅದರಲ್ಲಿ ಮೂರು ವರ್ಗ. ಕೂತು ಹೊಡೆಯೋರಿಗೆ ಒಂದು, ಕಾಲಿನ ಊನ ಇದ್ದು ನಿಂತು ಹೊಡೆಯೋರಿಗೆ ಒಂದು, ಕೈಯಲ್ಲಿ ಊನ ಇರೋರಿಗೆ ಇನ್ನೊಂದು.

ಯಾಕಿಷ್ಟು ತಡ? ಆಟ ಹೇಗೆ ನಡೆಯುತ್ತೆ ಅಂತ ನೋಡಿದರೆ ಉತ್ತರ ಸಿಗುತ್ತೆ.

ಟ್ರ್ಯಾಪ್‌ನಲ್ಲಿ ಐದು ನಿಲ್ದಾಣ, ಪಕ್ಕಪಕ್ಕದಲ್ಲಿ. ಮುಂದೆ 15 ಮೀಟರ್ ದೂರದಲ್ಲಿ ಒಂದು ಕಂದಕ, ಅದರೊಳಗೆ ಯಂತ್ರಗಳು. ಒಂದು ಸುತ್ತಿಗೆ 25 ತಟ್ಟೆ. ಒಂದು ನಿಲ್ದಾಣದಲ್ಲಿ ಒಂದು ತಟ್ಟೆಗೆ ಹೊಡೆದ ಮೇಲೆ ಪಕ್ಕದ ನಿಲ್ದಾಣಕ್ಕೆ ಹೋಗಬೇಕು. ಐದನೆಯದು ಮುಗಿದ ಮೇಲೆ ಹಿಂದಿನಿಂದ ಬಳಸಿಕೊಂಡು ಮತ್ತೆ ಒಂದನೆಯದಕ್ಕೆ ಬರಬೇಕು. ಹೀಗೆ ಐದು ಸಲ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ 100 ಮೀಟರ್‌ಗೂ ಹೆಚ್ಚು ಓಡಾಟ. ನಡೆಯೋರಿಗೆ ಇದು ಲೆಕ್ಕಕ್ಕೇ ಇಲ್ಲ. ವ್ಹೀಲ್‌ಚೇರ್‌ನಲ್ಲಿ ಇರೋರಿಗೆ? ಕೋವಿ ಮೂರೂವರೆ ಕಿಲೋ ತೂಗುತ್ತೆ. ಜಾಗ ಬದಲಿಸುವಾಗ ಅದನ್ನ ಮಡಚಿ, ತೋಟಾ ತೆಗೆದು, ತೊಡೆ ಮೇಲೆ ಇಟ್ಕೊಂಡು, ಎರಡೂ ಕೈಯಲ್ಲಿ ಚಕ್ರ ತಳ್ಳಬೇಕು. ನೆಲ ಸಮತಟ್ಟಾಗಿದ್ದರೆ ಸಲೀಸು. ನಿಲ್ದಾಣದ ಕಟ್ಟೆ ನಾಲ್ಕು ಬೆರಳು ಎತ್ತರ ಇದ್ದರೆ ಮುಗೀತು. ಇಡೀ ಪಂದ್ಯ ಆ ನಾಲ್ಕು ಬೆರಳಿನ ಮುಂದೆ ನಿಂತುಬಿಡುತ್ತೆ.

ಇದು ಟ್ರ್ಯಾಪ್ ಮಾತಾಯ್ತು. ‘ಸ್ಪೋರ್ಟಿಂಗ್’ ಅನ್ನೋ ಇನ್ನೊಂದು ಬಗೆ ಇದೆ. ಇಂಗ್ಲೆಂಡ್‌ನಲ್ಲಿ ಹಳ್ಳಿ ಹಳ್ಳಿಯಲ್ಲಿ ಆಡ್ತಾರೆ. ಹೊಲ, ತೋಪು, ಗುಡ್ಡದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ನಿಲ್ದಾಣ. ಮಳೆ ಬಂದರೆ ಕೆಸರು, ಬರದಿದ್ದರೆ ಜಲ್ಲಿಕಲ್ಲು. ಕೋವಿ ಅಕ್ಕಪಕ್ಕ ತಿರುಗದ ಹಾಗೆ ನಿಲ್ದಾಣಕ್ಕೆ ಪಂಜರದಂಥ ಕಟ್ಟು ಹಾಕಿರ್ತಾರೆ. ಆ ಕಟ್ಟಿನ ಅಳತೆ ಯಾರದು? ನಿಂತ ಮನುಷ್ಯನದು. ಬಾಗಿಲು ಕಿರಿದಾಗಿದ್ದರೆ ಕುರ್ಚಿ ಒಳಗೇ ಹೋಗಲ್ಲ. ಹೇಗೋ ಹೋದರೂ ಕೂತವರ ಕೋವಿ ಕಂಬಿಗೆ ತಾಗುತ್ತೆ, ಕೂತವರ ಕಣ್ಣಿಗೆ ತಟ್ಟೆ ಏಳೋದೇ ಕಾಣಲ್ಲ. ಅಂದ್ರೆ ಏನಾಯ್ತು? ಆಟ ಯಾರನ್ನೂ ಬೇಡ ಅನ್ನಲಿಲ್ಲ. ಬೇಡ ಅಂದದ್ದು ಬಡಗಿ ಹಿಡಿದ ಅಳತೆಪಟ್ಟಿ.

ಆದರೆ ಇಂಗ್ಲೆಂಡ್‌ನಿಂದ ಕಲಿಯೋ ಒಂದು ವಿಷಯವೂ ಇದೆ. ಅಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಸಾರ್ವಜನಿಕರಿಗೆ ಸೇವೆ ಕೊಡೋ ಯಾರೇ ಆಗಲಿ, ವಿಕಲಚೇತನರಿಗೆ ಬೇಕಾದ ನ್ಯಾಯಯುತ ಬದಲಾವಣೆ ಮಾಡಿಕೊಡಬೇಕು ಅನ್ನುತ್ತೆ ಅದು. ಇದರಲ್ಲಿ ನನಗೆ ಬಹಳ ಹಿಡಿಸಿದ ಮಾತು ಯಾವುದು ಗೊತ್ತಾ? ಅವರು ಬಂದು ಕೇಳೋವರೆಗೂ ಕಾಯೋ ಹಾಗಿಲ್ಲ. ಬರಬಹುದು ಅಂತ ಮುಂಚೆಯೇ ಯೋಚಿಸಬೇಕು. ನಮ್ಮಲ್ಲಿ ಹೇಗೆ? ‘ಬರಲಿ, ಬಂದ ಮೇಲೆ ನೋಡೋಣ. ನಾಲ್ಕು ಹುಡುಗರು ಎತ್ಕೊಂಡು ಹೋಗ್ತಾರೆ ಬಿಡಿ.’ ಎತ್ತಿಕೊಂಡು ಹೋಗೋರ ಮನಸ್ಸು ದೊಡ್ಡದೇ ಇರಬಹುದು. ಆದರೆ ಸ್ಪರ್ಧೆಗೆ ಬಂದ ಕ್ರೀಡಾಪಟುವನ್ನ ಅಕ್ಕಿ ಮೂಟೆ ಥರ ಎತ್ತಿ ಇಳಿಸಿದರೆ, ಆಮೇಲೆ ಆ ಮನುಷ್ಯ ಯಾವ ಏಕಾಗ್ರತೆಯಲ್ಲಿ ಗುರಿ ಹಿಡಿಯಬೇಕು ಸ್ವಾಮಿ?

ಇದನ್ನ ಹೇಳಿದರೆ ಸಂಘಟಕರ ಕಡೆಯಿಂದ ಮೂರು ಉತ್ತರ ಬರುತ್ತೆ.

ಮೊದಲನೆಯದು ಸುರಕ್ಷತೆ. ‘ಕೈಯಲ್ಲಿ ಕೋವಿ ಇರುತ್ತೆ ಸಾರ್, ಕುರ್ಚಿ ಉರುಳಿದರೆ?’ ಪ್ರಶ್ನೆ ಸರಿಯಾಗಿದೆ. 12 ಬೋರ್ ಕೋವಿ ಹಿಂದಕ್ಕೆ ಒದೆಯುತ್ತೆ. ಅದಕ್ಕೇ ಬ್ರೇಕ್ ಗಟ್ಟಿ ಇರಬೇಕು, ಕುರ್ಚಿ ಹಿಂದಕ್ಕೆ ಮಗುಚದ ಹಾಗೆ ಹಿಂಬದಿ ಪುಟ್ಟ ಚಕ್ರ ಇರಬೇಕು, ನೆಲ ಗಟ್ಟಿ ಇರಬೇಕು. ಕೆಸರಿನ ನೆಲ, ಅಲುಗಾಡೋ ಹಲಗೆ ನಿಂತು ಹೊಡೆಯೋರಿಗೂ ಅಪಾಯವೇ. ಸುರಕ್ಷತೆ ಬೇಕು ಅಂದರೆ ನೆಲ ಸರಿ ಮಾಡಿ. ಮನುಷ್ಯನನ್ನ ಗೇಟಿನಾಚೆ ನಿಲ್ಲಿಸೋದು ಸುರಕ್ಷತೆ ಹೇಗಾಗುತ್ತೆ?

ಎರಡನೆಯದು ಖರ್ಚು. ನಮ್ಮ ಮಾರ್ಗಸೂಚಿ ಪ್ರಕಾರ ರ‍್ಯಾಂಪ್‌ನ ಇಳಿಜಾರು ಒಂದಕ್ಕೆ ಹನ್ನೆರಡು. ಅಂದರೆ ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ಇಳಿಜಾರು. ಆರು ಅಡಿ ಕಾಂಕ್ರೀಟ್! ಉದ್ಘಾಟನೆಗೆ ಬರೋ ಮಂತ್ರಿಗಳ ಕಟೌಟಿಗೆ ಇದಕ್ಕಿಂತ ಹೆಚ್ಚು ಉದ್ದದ ಮರ ಬೇಕು. ಕಿವಿ ಕೇಳದವರಿಗೆ ಸೂಚನೆ ಕೊಡೋ ಒಂದು ದೀಪ, ಮಾತು ಬಾರದವರಿಗೆ ತಟ್ಟೆ ಬಿಡೋ ಒಂದು ಗುಂಡಿ, ಕುರ್ಚಿ ತಿರುಗೋವಷ್ಟು ಜಾಗ ಇರೋ ಒಂದು ಶೌಚಾಲಯ. ಇದರಲ್ಲಿ ಯಾವುದು ಕೋಟಿಗಟ್ಟಲೆ?

ಮೂರನೆಯದೇ ಅಸಲಿ ಉತ್ತರ. ‘ಅಂಥವರು ಯಾರೂ ಬರೋದೇ ಇಲ್ಲ ಸಾರ್, ಯಾರಿಗೋಸ್ಕರ ಮಾಡೋದು?’ ಇದು ಹೇಗಿದೆ ಅಂದ್ರೆ, ಈಜು ಕಲಿಯೋವರೆಗೂ ನೀರಿಗೆ ಇಳಿಯಬೇಡ ಅಂದ ಹಾಗಿದೆ. ದಾರಿ ಇಲ್ಲ, ಅದಕ್ಕೇ ಅವರು ಬರಲ್ಲ. ಅವರು ಬರಲ್ಲ, ಅದಕ್ಕೇ ದಾರಿ ಮಾಡಲ್ಲ. ಇದೇ ಚಕ್ರ ಮೇಲಿನವರೆಗೂ ತಿರುಗುತ್ತೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲದ ಪಂದ್ಯಕ್ಕೆ ಯಾವ ಸರ್ಕಾರ ದುಡ್ಡು ಕೊಡುತ್ತೆ? ದುಡ್ಡಿಲ್ಲದೆ ಆಟಗಾರರು ಎಲ್ಲಿಂದ ತಯಾರಾಗ್ತಾರೆ? ಸಾಕಷ್ಟು ದೇಶಗಳಲ್ಲಿ ಆಟಗಾರರಿಲ್ಲದೆ ಪಂದ್ಯ ಪ್ಯಾರಾಲಿಂಪಿಕ್ಸ್‌ಗೆ ಹೇಗೆ ಹೋಗುತ್ತೆ? ಈ ಚಕ್ರವನ್ನ ಎಲ್ಲೋ ಒಂದು ಕಡೆ ತಡೀಬೇಕು. ತಡೆಯೋದಕ್ಕೆ ಅತಿ ಸುಲಭದ ಜಾಗ ಆ ಆರು ಅಡಿ ಕಾಂಕ್ರೀಟೇ.

ಇಷ್ಟೂ ಹೇಳಿದ್ದು ಯಾವುದೋ ದೂರದ ದೇಶದ ಆಟ ಅಂತ ಅನ್ನಿಸಿದರೆ, ನಮ್ಮ ಕಾನೂನು ಏನು ಹೇಳುತ್ತೆ ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಪೂರ್ತಿ ಕ್ರೀಡೆಗೇ ಮೀಸಲು. ಕ್ರೀಡಾ ಸೌಲಭ್ಯಗಳನ್ನ ವಿಕಲಚೇತನರಿಗೆ ಹೊಂದುವಂತೆ ಮರುವಿನ್ಯಾಸ ಮಾಡಬೇಕು ಅಂತ ಅದರಲ್ಲಿದೆ. ಶೂಟಿಂಗ್ ಬಿಟ್ಟು ಅಂತ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 45ನೇ ಸೆಕ್ಷನ್, ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಿ ಅನ್ನುತ್ತೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2022ರ ಜೂನ್‌ನಲ್ಲಿ. ನಿಮ್ಮೂರಿನ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗಿ ಒಂದು ಸಲ ನೋಡ್ಕೊಂಡು ಬನ್ನಿ.

2024ರ ನವೆಂಬರ್ 8ರಂದು ರಾಜೀವ್ ರತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳಿತು. ಕಾಯ್ದೆ ‘ಮಾಡಲೇಬೇಕು’ ಅನ್ನುವಾಗ ನಿಯಮ ‘ಮಾಡಿದರೆ ಒಳ್ಳೇದು’ ಅನ್ನೋ ಹಾಗಿಲ್ಲ, ಕಡ್ಡಾಯದ ಮಾನದಂಡಗಳನ್ನ ಮೂರು ತಿಂಗಳಲ್ಲಿ ರೂಪಿಸಿ ಅಂತ ಕೇಂದ್ರಕ್ಕೆ ಸೂಚಿಸಿತು. ಸಂಸತ್ತು ಕೊಟ್ಟಿದೆ, ಕೋರ್ಟೂ ಕೊಟ್ಟಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಆ ಪೂಜಾರಿ ಯಾರು ಅನ್ನೋದೇ ಪ್ರಶ್ನೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಜನ ಕೋವಿ ಹಿಡೀತಾರೆ, ಎಷ್ಟು ಜನ ಈಜ್ತಾರೆ, ಎಷ್ಟು ಜನ ಸುಮ್ಮನೆ ಕೂತು ಪಂದ್ಯ ನೋಡ್ತಾರೆ, ಅದು ಅವರ ಇಷ್ಟ. ಆದರೆ ಗೇಟು ದಾಟಿ ಒಳಗೆ ಬರೋದು ಅವರ ಹಕ್ಕು.

ಹಾಗಾದ್ರೆ ಏನು ಮಾಡಬೇಕು? ನಾನು ದೊಡ್ಡ ಯೋಜನೆ ಕೇಳ್ತಿಲ್ಲ. ಶೂಟಿಂಗ್ ಇರಲಿ, ಕಬಡ್ಡಿ ಇರಲಿ, ಯಾವುದೇ ಪಂದ್ಯದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ‘ನಿಮಗೆ ಏನು ವ್ಯವಸ್ಥೆ ಬೇಕು?’ ಉತ್ತರ ಬಂದರೆ ಪಂದ್ಯದ ಹಿಂದಿನ ದಿನವೇ ಒಬ್ಬರು ಫೋನ್ ಮಾಡಿ ಮಾತಾಡಿ. ಹೊಸದಾಗಿ ರೇಂಜೋ ಮೈದಾನವೋ ಕಟ್ಟೋರು, ನಕ್ಷೆ ಮುಗಿಯೋ ಮೊದಲು ವ್ಹೀಲ್‌ಚೇರ್‌ನಲ್ಲಿ ಓಡಾಡೋ ಒಬ್ಬ ಕ್ರೀಡಾಪಟುವಿಗೆ ಅದನ್ನ ತೋರಿಸಿ. ಕಟ್ಟಿದ ಮೇಲೆ ಒಡೆಯೋದಕ್ಕಿಂತ ಗೆರೆ ಎಳೆಯುವಾಗ ತಿದ್ದೋದು ಅಗ್ಗ.

ಇನ್ನು ಕ್ರೀಡಾ ಇಲಾಖೆಗೆ ಒಂದು ಮಾತು. ಪದಕ ಗೆದ್ದು ಬಂದವರಿಗೆ ಕೋಟಿ ಕೊಡ್ತೀರಿ, ಹಾರ ಹಾಕ್ತೀರಿ. ಒಳ್ಳೇದು, ಕೊಡಲೇಬೇಕು. ಆದರೆ ಪದಕ ಗೆಲ್ಲೋಕೆ ಮೊದಲು ಅವರು ಅಭ್ಯಾಸಕ್ಕೆ ಹೋಗ್ತಾರಲ್ಲ, ಆ ಮೈದಾನದ ಬಾಗಿಲಲ್ಲಿ ಎಷ್ಟು ಮೆಟ್ಟಿಲಿದೆ ಅಂತ ಲೆಕ್ಕ ಹಾಕಿದೀರಾ? ಆ ಲೆಕ್ಕವನ್ನ ಜಿಲ್ಲಾವಾರು ಪಟ್ಟಿ ಮಾಡಿ ಜನರ ಮುಂದಿಡಿ. ಯಾವ ಮೆಟ್ಟಿಲು ಯಾವ ತಾರೀಕಿಗೆ ಇಳಿಜಾರಾಗುತ್ತೆ ಅಂತಲೂ ಅದರಲ್ಲೇ ಬರೀರಿ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾರೋ ತಟ್ಟೆಯನ್ನ ಕೂತಲ್ಲಿಂದಲೇ ಪುಡಿ ಮಾಡೋರು ಇದಾರೆ. ಅವರಿಗೆ ಅಡ್ಡ ಬಂದಿರೋದು ಕದಲದೆ ಬಿದ್ದಿರೋ ಒಂದು ಮೆಟ್ಟಿಲು. ಅದನ್ನ ಅವರು ಹೊಡೆಯೋಕಾಗಲ್ಲ. ನಾವೇ ತೆಗೀಬೇಕು.

ಯೋಚನೆ ಮಾಡಿ.