ನೀರಿಗೂ ಒಂದು ನಿವೇಶನವಿರಲಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನರಿಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿಯೂ ಮಳೆಗಾಲದ ಅತಿಥಿಯೇ. ಆದ್ದರಿಂದಲೇ ಪೂರ್ವಿಕರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತಿತ್ತು; ಬಾವಿಗಳಲ್ಲಿ ನೀರು ನಿಲ್ಲುತ್ತಿತ್ತು.

ಇಂದು ಪಟ್ಟಣಗಳು ಬೆಳೆಯುತ್ತಿವೆ. ಅದು ತಪ್ಪಲ್ಲ, ನಮ್ಮ ಮಕ್ಕಳಿಗೂ ಸೂರು ಬೇಕು. ಆದರೆ ರಾಜಕಾಲುವೆಯನ್ನು ಮುಚ್ಚಿ ಬಡಾವಣೆ ಮಾಡಿದರೆ, ಕೆರೆಯಂಚಿಗೆ ಕಟ್ಟಡದ ಅವಶೇಷ ಸುರಿದರೆ, ಚರಂಡಿಯನ್ನು ಕೆರೆಗೆ ತಿರುಗಿಸಿದರೆ ಶಿಕ್ಷೆ ಎರಡು ಬಗೆಯಲ್ಲಿ ಬರುತ್ತದೆ. ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಮನೆಯೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿ ಇನ್ನಷ್ಟು ಆಳಕ್ಕಿಳಿಯುತ್ತದೆ. ಅಂತರ್ಜಲದ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಹೇಗೆ ಹಾಳುಮಾಡುತ್ತದೆಂಬುದನ್ನು ಪಾವಗಡದವರು ಕಂಡುಂಡಿದ್ದಾರೆ.

ಶಿರಾದ ಕೆರೆಗೆ ಹೇಮಾವತಿಯ ನೀರು, ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರು ಎಂದು ನಾವು ದೂರದ ನದಿಗಳತ್ತ ಕೈಚಾಚಿದ್ದೇವೆ. ಅದು ನ್ಯಾಯವಾದ ಬೇಡಿಕೆಯೇ. ಆದರೆ ಪಾತ್ರೆಯನ್ನು ಒಡೆದುಕೊಂಡು ನೀರು ಕೇಳುವುದು ಯಾವ ವಿವೇಕ?

ಶಿರಾ ತಾಲೂಕಿನ ಕಗ್ಗಲಡುವನ್ನು ನೋಡಿರಿ. ಊರ ನಡುವಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅವರು ಮರವನ್ನು ಉಳಿಸಿಯಾರು. ಆದರೆ ಸುತ್ತಲಿನ ಕೆರೆಗಳಲ್ಲಿ ಮೀನಿಲ್ಲದಿದ್ದರೆ ಆ ಮರಿಗಳಿಗೆ ಉಣಿಸುವವರಾರು?

ಕಾನೂನಿಗೇನೂ ಕೊರತೆಯಿಲ್ಲ. ಕೆರೆ ಕುಂಟೆಗಳು ಸಮುದಾಯದ ಸಂಪತ್ತೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಸಾರಿದೆ. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣಾ ಕಾಯ್ದೆಯೂ ಇದೆ. ಆದರೆ ತೆರವಿನ ಯಂತ್ರ ಬಂದಾಗ ನಿವೇಶನ ಮಾರಿದವನು ಅಲ್ಲಿರುವುದಿಲ್ಲ; ಒಡವೆ ಅಡವಿಟ್ಟು ಕೊಂಡ ಬಡವನೇ ಬೀದಿಗೆ ಬೀಳುತ್ತಾನೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಮುಂಗಡ ಕೊಡುವ ಮೊದಲು ಗ್ರಾಮನಕ್ಷೆಯನ್ನು ನೋಡಿರಿ. ಆ ಸರ್ವೆ ನಂಬರಿನಲ್ಲಿ ಕೆರೆ, ಕಾಲುವೆ, ಬಿ ಖರಾಬು ಇದೆಯೇ ಎಂದು ವಿಚಾರಿಸಿರಿ. ಓದುಬರಹ ಬಾರದವರಿಗೆ ಮೊಹಲ್ಲಾದ ವಿದ್ಯಾವಂತ ಯುವಕರು ನೆರವಾಗಲಿ. ಮಸೀದಿ, ಶಾಲೆ, ಶಾದಿಮಹಲ್‌ಗಳಿಗೆ ಜಮೀನು ಪಡೆಯುವಾಗಲೂ ಇದೇ ನಿಯಮವಿರಲಿ. ಅನ್ಯರ ಒತ್ತುವರಿಯನ್ನು ಪ್ರಶ್ನಿಸುವ ನೈತಿಕ ಹಕ್ಕು, ತನ್ನ ಅಂಗಳವನ್ನು ಮೊದಲು ಅಳೆದುಕೊಂಡವನಿಗೆ ಮಾತ್ರ ಇದೆ.

ನಮಗೆಲ್ಲ ನಿವೇಶನ ಬೇಕು. ನೀರಿಗೂ ಒಂದನ್ನು ಬಿಟ್ಟುಕೊಡೋಣ.